ರಾಚವ್ವನ ನಂಬರ್

ಡಿಸೆಂಬರ್ 2, ಪವಾಯಿ
ಬೆಳಿಗ್ಗೆ ಬೆಳೆ ಸಲಹೆಯ ಎರಡು ರೆಕಾರ್ಡಿಂಗ್. ಜೋಳಕ್ಕೊಂದು, ತೊಗರಿಗೊಂದು. ನಾನು ಇಲ್ಲಿ ಎಸಿ ರೂಮಿನಲ್ಲಿ ಓದಿದ್ದು ಸಂಜೆ ವಿಜಯಪುರ ಜಿಲ್ಲೆಯ ರೈತರ ಫೋನಿಗೆ ಹೋಗುತ್ತದೆ. ಕೊನೆಗೆ ಬೀಪ್ — ಪ್ರಶ್ನೆ ಇದ್ದರೆ ಅವರು ಮಾತಾಡಬಹುದು. ಹೆಚ್ಚಿನವರು ಕಟ್ ಮಾಡುತ್ತಾರೆ.
ದಾನಪ್ಪ ಮಾತ್ರ ಬಿಡುವುದಿಲ್ಲ. ಹೊಲ ಸಿಂದಗಿ ಹತ್ತಿರ. ಅವರಿರುವುದು ಇದೇ ಮಹಾನಗರದ ವಡಾಲದಲ್ಲಿ, ಗೋಡೌನಿನಲ್ಲಿ ಮೂಟೆ ಹೊರುವ ಕೆಲಸ. ಬೇಸಾಯವೆಲ್ಲ ಹೆಂಡತಿ ರಾಚವ್ವನದು. ಜಮೀನು ಗಂಡನ ಹೆಸರಲ್ಲಿ, ಹಾಗಾಗಿ ಮೆಸೇಜೂ ಗಂಡನಿಗೇ. ಕೇಳಿಸಿಕೊಂಡು ಊರಿಗೆ ಫೋನ್ ಮಾಡಿ ಹೇಳುತ್ತಾರೆ.
ಇವತ್ತಿನ ಪ್ರಶ್ನೆ: "ಅಕ್ಕಾರ, ನಮ್ಮಾಕಿ ತೊಗರಿ ಕೊಯ್ಯಾಕ ಹತ್ಯಾಳ್ರಿ. ಎಷ್ಟು ದಿನ ಒಣಗಬೇಕಂತ ಕೇಳ್ಯಾಳ."

ಡಿಸೆಂಬರ್ 4
ಲಿಸ್ಟಿಗೆ ರಾಚವ್ವನ ನಂಬರನ್ನೇ ಹಾಕೋಣ ಎಂದು ಮ್ಯಾನೇಜರ್ ಸುಹಾಸ ಅವರನ್ನು ಕೇಳಿದೆ.
"ಸೌಮ್ಯಾ, ಜಮೀನು ಯಾರದೋ ಅವರ ನಂಬರ್. ರೂಲ್ ಹೈ ನಾ."

ಡಿಸೆಂಬರ್ 11, ಮಧ್ಯಾಹ್ನ
ನಾಳೆ ಸಂಜೆಯಿಂದ ಅಕಾಲ ಮಳೆ, ಜೋರಾಗಿ. ಕೊಯ್ದ ಬೆಳೆ ಮುಚ್ಚಿಡಿ ಎಂದು ತುರ್ತು ಕರೆ ಕಳಿಸಿದೆವು. ದಾನಪ್ಪ ಎತ್ತಲಿಲ್ಲ. ನಾನೇ ಮಾಡಿದೆ. ಬೇರೆ ದನಿ. ಜೊತೆಗೆ ಕೆಲಸ ಮಾಡುವ ಭೀಮರಾಯ ಅಂತೆ.
"ದಾನಪ್ಪ ಹೋಗ್ಬಿಟ್ಟರಿ. ಮೊನ್ನಿ ಲಾರಿ ಮ್ಯಾಲಿಂದ ಬಿದ್ದ. ನಿನ್ನಿ ಊರಾಗ ಮಣ್ಣಾತು. ಫೋನ್ ಇಲ್ಲೇ ಉಳದೈತಿ."
ರಾಚವ್ವನ ನಂಬರ್ ಕೇಳಿದೆ. ಕೊಟ್ಟರು.

ಅದೇ ದಿನ, ಸಂಜೆ
ನಿನ್ನೆ ಗಂಡನನ್ನು ಮಣ್ಣು ಮಾಡಿದ ಮನೆ. ಅಲ್ಲಿಗೆ ಫೋನ್ ಮಾಡಿ ಮಳೆ ಬರುತ್ತದೆ ಅನ್ನುವುದೇ? ಕ್ಯಾಂಟೀನಿನಲ್ಲಿ ಚಹಾ ಆರಿತು. ಸುಮ್ಮನಿದ್ದರೆ... ತೊಗರಿ ಹೊಲದಲ್ಲೇ ಬಿದ್ದಿದೆ. ವರ್ಷದ ಬೆಳೆ.
ಮಾಡಿದೆ. ರಾಚವ್ವನೇ ಎತ್ತಿದರು. ಹಿಂದೆ ಬಹಳ ಜನ, ಅಳು. ನಾನು ಯಾರೆಂದು ಹೇಳಿದೆ. ಸಮಾಧಾನದ ಮಾತು ಎರಡಕ್ಕಿಂತ ಹೆಚ್ಚು ಬರಲಿಲ್ಲ. ಆಮೇಲೆ ಮಳೆಯ ವಿಷಯ.
"ಯಾವಾಗ್ರಿ?"
"ನಾಳೆ ಸಂಜೀಕ."
"ನಾ ಈಗ ಹೊರಗ ಹೋಗಾಂಗಿಲ್ರಿ."
ಫೋನ್ ಇಡದೆಯೇ ಒಳಗಿನವರಿಗೆ ಕೂಗಿದರು: "ಅಳೂದು ಬಿಡ್ರಿ ಎಲ್ಲಾರೂ. ಹೊಲಕ್ಕ ಹೋಗ್ರಿ, ತೊಗರಿ ಒಟ್ರಿ. ತಾಡಪತ್ರಿ ಅಟ್ಟದ ಮ್ಯಾಲೈತಿ, ಹೊಚ್ರಿ."
ಲೈನ್ ಹಾಗೇ ತೆರೆದಿತ್ತು. ನಾನೂ ಕಟ್ ಮಾಡಲಿಲ್ಲ.

ಡಿಸೆಂಬರ್ 13
ಸಿಂದಗಿ ಕಡೆ ರಾತ್ರಿಯಿಡೀ ಸುರಿದಿದೆ. ಏನಾಯಿತೆಂದು ಕೇಳುವ ಧೈರ್ಯ ಬರಲಿಲ್ಲ.

ಡಿಸೆಂಬರ್ 20
ಲಿಸ್ಟಿನಿಂದ ದಾನಪ್ಪನ ನಂಬರ್ ತೆಗೆದರು. ಸುಹಾಸ ನನ್ನ ಟೇಬಲ್ ಹತ್ತಿರ ಬಂದು ನಿಂತರು. "ಆ ಹೆಂಗಸಿನ ನಂಬರ್ ಕೊಡು. ರೂಲಿನ ಮಾತು ನಾನು ನೋಡ್ಕೋತೀನಿ."

ಜನವರಿ 6
ರಾಚವ್ವನಿಗೆ ಮೊದಲ ಮೆಸೇಜು ಹೋಯಿತು. ಉತ್ತರ ಬಂದಿದೆ. ಮೂರು ಸಲ ಕೇಳಿದೆ.
"ಅಕ್ಕಾರ, ನಾ ರಾಚವ್ವ. ತೊಗರಿ ಉಳೀತ್ರಿ, ಒಂದ್ ಬಾಜೂ ತೊಯ್ದದ್ದು ಬಿಟ್ರ. ನಿಮ್ಮ ಫೋನ್ ಒಂದ ಸಲ ಹೇಳಿ ಬಿಡತೈತಿ. ನಮ್ಮನಿಯವರು ಎರಡು ಸಲ ಹೇಳತಿದ್ರು. ಹೇಳಿ, ತಿಳೀತಿಲ್ಲೋ ಅಂತ ಕೇಳತಿದ್ರು."

ಜನವರಿ 7
ಕಡಲೆಗೆ ಕಾಯಿಕೊರಕ ಹುಳು. ಒಮ್ಮೆ ಓದಿದೆ. ಸುಹಾಸ ಗಾಜಿನಾಚೆಯಿಂದ ಕೈ ತೋರಿಸಿದರು, ಆಯಿತು ಎಂದು. ನಾನು ನಿಲ್ಲಿಸಲಿಲ್ಲ. ಮತ್ತೆ ಮೊದಲ ಸಾಲಿನಿಂದ, ಇನ್ನೂ ನಿಧಾನವಾಗಿ. ಕೊನೆಯಲ್ಲಿ, ಬರೆದುಕೊಟ್ಟದ್ದರಲ್ಲಿ ಇಲ್ಲದ ಆ ಒಂದು ಮಾತನ್ನೂ ಸೇರಿಸಬೇಕೆಂದುಕೊಂಡಿದ್ದೆ. ತಿಳೀತಿಲ್ಲೋ ಅಂತ. ಅದನ್ನು ಹೇಳಲಾಗದೆ ಬೀಪ್ ಹಾಕಿಬಿಟ್ಟೆ.