ಅಪ್ಪನ ಕಲ್ಲಿನ ಕೊನೆಯ ಸಾಲು

ರೋಂಬ್ಲೋನ್
ನವೆಂಬರ್ ೩

ಪ್ರೀತಿಯ ರೊಸೆಂಡಾ ಅಕ್ಕ,

ಈ ಕತೆಯನ್ನು ಮೊದಲು ಹೇಳಿದವನು ಕಲ್ಲು ಕೆತ್ತುವ ದಲ್ಮಾಸಿಯೊ ಮಾಮ, ಮೊನ್ನೆ ಸತ್ತವರ ಹಬ್ಬದ ಸಂಜೆ, ಅಪ್ಪನ ಗೋರಿಯ ಪಕ್ಕ ಕೂತು, ಅಮ್ಮ ಕೊಟ್ಟ ಸಿಹಿ ಕಡುಬು ತಿನ್ನುತ್ತಾ.

ಅಪ್ಪ ಬದುಕಿದ್ದಾಗಲೇ ತನ್ನ ಕಲ್ಲು ಕೆತ್ತಿಸಿಟ್ಟಿದ್ದನಂತೆ. ನಮಗೂ ಗೊತ್ತಿರಲಿಲ್ಲ. ಅಪ್ಪ ಹೋಗಿ ವರ್ಷ ತುಂಬಿತೆಂದು ಮಾಮ ಅದನ್ನು ತಂದು ನಿಲ್ಲಿಸಿದ. ಮೇಣದಬತ್ತಿ ಹಚ್ಚಿ ಓದಿದ ಅಮ್ಮನ ಮುಖ ಕೆಂಪಾಯಿತು. ಅಪ್ಪನ ಹೆಸರು, ಅದರ ಕೆಳಗೆ ‘ಶಿಕ್ಷಕ’, ಕೊನೆಯ ಸಾಲಿನಲ್ಲಿ ‘ಹೆಂಡತಿ ಎಮೆರಿತಾ, ಮಗಳು ಲುಡಿವಿನಾ’, ಇಬ್ಬರಿಗೂ ನಮ್ಮ ಮನೆ ಹೆಸರು ಸೇರಿಸಿ. ಎಲ್ಲ ಇಂಗ್ಲಿಷಿನಲ್ಲಿ. ನನ್ನ ಹೆಸರಿನ ನಂತರ ಒಂದು ಅಲ್ಪವಿರಾಮ. ಆಮೇಲೆ ಬರೀ ಕಲ್ಲು.

“ಏನೋ ದಲ್ಮಾಸಿಯೊ! ಊರಿನ ಮಕ್ಕಳಿಗೆಲ್ಲ ಫುಲ್‌ಸ್ಟಾಪ್ ಕಲಿಸಿದೋರ ಕಲ್ಲಿಗೇ ಫುಲ್‌ಸ್ಟಾಪ್ ಇಲ್ವಲ್ಲೋ! ನಾಳೆನೇ ಸರಿ ಮಾಡು” ಎಂದಳು ಅಮ್ಮ.

“ನಾನೂ ಹಾಗೇ ಅಂದೆ ಅಕ್ಕಾ. ಮೇಷ್ಟ್ರ ಹತ್ರ ಬೈಸ್ಕೊಂಡೆ” ಎಂದ ಮಾಮ.

ಅವನ ಅಂಗಳದಲ್ಲಿ ‘ಪ್ರೀತಿಯ ಪತಿ, ಪ್ರೀತಿಯ ತಂದೆ’ ಎಂದು ಮೊದಲೇ ಕೆತ್ತಿಟ್ಟ ಕಲ್ಲುಗಳು ಸಾಲಾಗಿ ನಿಂತಿರುತ್ತವಲ್ಲ, ಹೆಸರು ಸೇರಿಸುವುದಷ್ಟೇ ಬಾಕಿ. ಅಪ್ಪ ಒಂದೂ ಬೇಡವೆಂದನಂತೆ. “ಪ್ರೀತಿಯ ಅಂತ ನಾನೇ ಬರೆಸ್ಕೊಂಡ್ರೆ ಹೆಂಗಯ್ಯಾ? ಅದನ್ನ ಬೇರೆಯವರು ಹೇಳ್ಬೇಕು.” ಕೊನೆಯ ಸಾಲಿಗೆ ಬಂದಾಗ ಮಾಮ ಕೇಳಿದ: “ದೊಡ್ಡ ಮಗಳ ಹೆಸರು?”

ನೀನು ಕ್ರಿಸ್ಪುಲೊ ಭಾವನ ಜೊತೆ ದೋಣಿ ಹತ್ತಿದ ದಿನದಿಂದ ಅಪ್ಪ ನಿನ್ನ ಹೆಸರೆತ್ತಿರಲಿಲ್ಲ. ಅಪ್ಪನನ್ನು ಮಣ್ಣು ಮಾಡುವಾಗಲೂ ನೀನು ಬರಲಿಲ್ಲ. ಅಂಥ ಅಪ್ಪ ಆ ಹೊತ್ತು ಉಳಿ ಕೈಗೆ ತೆಗೆದುಕೊಂಡು ಸುಮ್ಮನೆ ತಿರುಗಿಸುತ್ತಾ ನಿಂತಿದ್ದನಂತೆ.

“ನನ್ನ ಮನೆ ಹೆಸರು ಸೇರಿಸಿದ್ರೆ ಅವಳಿಗೆ ಬೇಜಾರು. ಗಂಡನ ಮನೆ ಹೆಸರು ಸೇರಿಸೋಕೆ ನನ್ನ ಕೈ ಏಳಲ್ಲ. ಯಾವುದು ಸರಿ ಅಂತ ಅವಳೇ ಬಂದು ಹೇಳ್ಲಿ. ಅಲ್ಲೀತನಕ ಒಂದು ಕಾಮಾ ಇಡು.”

“ಜನ ನಗ್ತಾರೆ ಮೇಷ್ಟ್ರೇ.”

“ನಗ್ಲಿ ಬಿಡು. ಫುಲ್‌ಸ್ಟಾಪ್ ಇಟ್ಟೆಯೋ, ಸತ್ತ ಮೇಲೂ ಬಂದು ಕಿವಿ ಹಿಂಡ್ತೀನಿ.”

ಮಾಮ ಎರಡನೆಯ ಕಡುಬಿಗೆ ಕೈ ಹಾಕಿದ. ಅಮ್ಮ ಆರಿದ ಬತ್ತಿಯನ್ನು ಮತ್ತೆ ಹಚ್ಚಿದಳು.

ಮರುದಿನ ಬೆಳಗ್ಗೆ ಮಾಮ ಉಳಿ, ಸುತ್ತಿಗೆ ಹಿಡಿದೇ ನಮ್ಮ ಬಾಗಿಲಿಗೆ ಬಂದ. ಅಮ್ಮ ಅವನಿಗೆ ಕಾಫಿ ಕುಡಿಸಿ, ಕೆಲಸವಿಲ್ಲವೆಂದು ವಾಪಸು ಕಳಿಸಿದಳು. ಆಮೇಲೆ ಒಬ್ಬಳೇ ಸ್ಮಶಾನಕ್ಕೆ ಹೋಗಿ ಬಂದಳು.

ನಿನ್ನ ತಂಗಿ,
ಲುಡಿವಿನಾ

ಮರೆತಿದ್ದೆ: ಅಮ್ಮ ಅಲ್ಲಿಗೆ ಹೋಗಿ ಮಾಡಿದ್ದು, ಆ ಖಾಲಿ ಜಾಗವನ್ನು ಗೇಣು ಹಾಕಿ ಅಳೆದದ್ದು. “ಅಳಿಯನ ಹೆಸರೂ ಹಿಡಿಯುತ್ತೆ” ಅಂದಳು. ಇಬ್ಬರೂ ಬನ್ನಿ.