ಬಾಯ್ಲರ್ ಆರಿದ ಮೇಲೆ

ಜನವರಿ 8, ಬುಧವಾರ. ಬೆಳಿಗ್ಗೆ 7

ಮತ್ತೆ ಬಾಲಾನಗರ. ನಾರಾಯಣಗೂಡದ ಮನೆಯಿಂದ ಮುಕ್ಕಾಲು ಗಂಟೆ. ಔಷಧ ಕಾರ್ಖಾನೆಯಲ್ಲಿ ನಮ್ಮ ಹೀಟ್ ಪಂಪ್ ಟ್ರಯಲ್‌ನ ಹನ್ನೊಂದನೆಯ ದಿನ. ಅವರು ಚರಂಡಿಗೆ ಬಿಡುವ ಎಪ್ಪತ್ತು ಡಿಗ್ರಿ ನೀರಿನ ಶಾಖ ಹಿಡಿದು, ನೂರಿಪ್ಪತ್ತು ಡಿಗ್ರಿಯ ಆವಿ ಮಾಡಿ ವಾಪಸ್ ಕೊಡಬೇಕು. ಎಲ್ಲ ನಿಂತಿರುವುದು ಕಂಪ್ರೆಸರ್ ಮೇಲೆ. ನನ್ನ ಡಿಸೈನ್. ಆರು ವರ್ಷ. ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ ಶಾಖ ಬರಬೇಕಿತ್ತು. ಬರುತ್ತಿರುವುದು ಎರಡೂಕಾಲು. ಎರಡು ಬೇರಿಂಗ್ ಆಗಲೇ ಹೋದವು. ತಿಂಗಳ ಕೊನೆಗೆ ಪ್ರಾಜೆಕ್ಟ್ ಕ್ಲೋಸ್ ಅಂದಿದ್ದಾರೆ ಬಾಸ್ ರವಿಶಂಕರ್.

ಜನವರಿ 10

ಪಕ್ಕದ ಶೆಡ್‌ನಲ್ಲಿ ಈವರೆಗೆ ಆವಿ ಕೊಡುತ್ತಿರುವ ಹಳೆಯ ಬಾಯ್ಲರ್. ನಡೆಸುವವರು ಶಾಂತಪ್ಪ, ರಾಯಚೂರು ಕಡೆಯವರು. ನಾನು ಅಮ್ಮನ ಜೊತೆ ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದದ್ದು ಕೇಳಿ ಬಂದರು. ಉದ್ದ ಸ್ಕ್ರೂಡ್ರೈವರ್ ತಂದು ತುದಿಯನ್ನು ಕಂಪ್ರೆಸರ್ ಮೇಲಿಟ್ಟು, ಹಿಡಿಕೆಗೆ ಕಿವಿ ಕೊಟ್ಟು ನಿಂತರು. ಕಣ್ಣು ಮುಚ್ಚಿ.

“ಬೇರಿಂಗ್‌ದು ತಪ್ಪಿಲ್ರಿ ಅಕ್ಕಾರ. ಒಳಗ ಹನಿ ಬಡಿಯಾಕತ್ತಾವ. ಗ್ಯಾಸ್ ಪೂರಾ ಒಣಗಿಲ್ಲ.”

ಸೆನ್ಸರ್ ಪ್ರಕಾರ ಎಲ್ಲ ಸರಿ ಇದೆ ಎಂದೆ. ಸೆನ್ಸರ್ ಕೂತಿದ್ದ ಪೈಪಿನ ಬಾಗನ್ನು ಬೆರಳಿನಿಂದ ತಟ್ಟಿ ಹೋದರು.

ಜನವರಿ 13, ಭೋಗಿ

ರಜೆ ಇದ್ದರೂ ಹೋದೆ. ಸೆನ್ಸರ್ ಸುಳ್ಳು ಹೇಳುತ್ತಿತ್ತು! ಪಕ್ಕದ ಬಿಸಿ ಪೈಪಿನ ಕಾವು ತಾಗಿ ಗ್ಯಾಸಿನ ತಾಪ ಹೆಚ್ಚು ತೋರಿಸುತ್ತಿತ್ತು. ಒಳಗೆ ಹನಿಗಳು ನುಗ್ಗಿ ಬೇರಿಂಗಿನ ಎಣ್ಣೆಯನ್ನೇ ತೊಳೆದು ಹಾಕುತ್ತಿದ್ದವು. ಸೆನ್ಸರ್ ಜಾಗ ಬದಲಿಸಿ, ವಾಲ್ವ್ ಸರಿ ಮಾಡಿದೆವು. ಸಂಜೆಗೆ ಒಂದು ಯೂನಿಟ್‌ಗೆ 2.9.

ಶಾಂತಪ್ಪನವರಿಗೆ ಹೇಳಲು ಓಡಿದೆ. ಇನ್ನು ತಮ್ಮ ಬಾಯ್ಲರಿಗೂ ಸ್ವಲ್ಪ ಆರಾಮ ಅಂತ ಖುಷಿಪಟ್ಟರು. ಎಂಥ ಆರಾಮ ಅಂತ ನನಗೆ ಗೊತ್ತಿತ್ತು. ಹಬ್ಬದ ಶುಭಾಶಯ ಹೇಳಿ ಬಂದೆ.

ಜನವರಿ 30

ಫೈನಲ್ ರಿಪೋರ್ಟ್. ನಾನು ಬರೆದಿದ್ದ, ಶಾಂತಪ್ಪನವರ ಹೆಸರಿದ್ದ ಪ್ಯಾರಾ ಮಾಯ. ‘ಅನಾಲಿಸಿಸ್‌ನಿಂದ ದೋಷ ಪತ್ತೆ’ ಅಂತಾಗಿದೆ. ಕೊನೆಗೆ ಹೊಸ ಸಾಲು — ಬಾಯ್ಲರ್ ಸ್ಟ್ಯಾಂಡ್‌ಬೈ ಆಗಿಯೂ ಬೇಕಿಲ್ಲ, ಆಪರೇಟರ್ ಹುದ್ದೆ ತೆಗೆಯಬಹುದು. ಈ ಮಷೀನು ಒಂದು ಬೇಸಿಗೆಯನ್ನೂ ಕಂಡಿಲ್ಲ ಎಂದೆ. ರವಿಶಂಕರ್ ಮೈಸೂರಿನವರು, ಯಾವತ್ತೂ ದನಿ ಏರಿಸುವುದಿಲ್ಲ.

“ಈ ಲೈನ್ ಇಲ್ದಿದ್ರೆ ಆರ್ಡರ್ ಇಲ್ಲ, ನಲಿನಿ. ಆರ್ಡರ್ ಇಲ್ದಿದ್ರೆ ನಿಮ್ಮ ಕಂಪ್ರೆಸರೂ ಇಲ್ಲ.”

ಸೈನ್ ಮಾಡಿದೆ.

ಮಾರ್ಚ್ 3

ಶನಿವಾರ ಶಾಂತಪ್ಪನವರನ್ನು ಕಳಿಸಿದರಂತೆ. ಇಪ್ಪತ್ತೆರಡು ವರ್ಷದ ಕೆಲಸ. ಆಫೀಸಿನಲ್ಲಿ ಇವತ್ತು ಆರ್ಡರ್ ಬಂದ ಖುಷಿಗೆ ಕೇಕ್. ನನ್ನ ಹೆಸರು ಬರೆಸಿದ್ದರು. ತಿಂದೆ. ಸಿಹಿ ಜಾಸ್ತಿ.

ಮೇ 14. ಮಧ್ಯಾಹ್ನ

ಹೊರಗೆ ನಲವತ್ತಮೂರು. ಕಂಪ್ರೆಸರ್ ನಿಂತಿದೆ. ಸೀಲ್ ಹೋಗಿದೆ, ಹೊಸದು ಬರಲು ಮೂರು ದಿನ. ಔಷಧದ ಬ್ಯಾಚ್ ಒಣಗದೆ ಕೂತಿದೆ. ಬಾಯ್ಲರ್ ಇನ್ನೂ ಅಲ್ಲೇ ಇದೆ. ಹಚ್ಚುವ ಸರ್ಟಿಫಿಕೇಟ್ ಇದ್ದವರು ಯಾರೂ ಇಲ್ಲ. ಶಾಂತಪ್ಪ ನಿಮಗೆ ಪರಿಚಯ ಅಲ್ವಾ, ಫೋನ್ ಮಾಡಿ ಎಂದರು ರವಿಶಂಕರ್.

ಮಾಡಿದೆ… ನಾಚಿಕೆ ಬಿಟ್ಟು. ಹಿಮಾಯತ್‌ನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಆಗಿದ್ದಾರೆ. ಪೂರ್ತಿ ಕೇಳಿಸಿಕೊಂಡರು. ನಾಳೆ ಬರುತ್ತೇನೆ ಎಂದರು. ಆಮೇಲೆ —

“ಒಂದ್ ಮಾತು ರೀ ಅಕ್ಕಾರ. ನನ್ನ ತಗದ್ ಕಾಗದದಾಗ ನಿಮ್ ಸೈನ್ ಐತಿ ಅಂದ್ರು. ನಾ ನಂಬಿಲ್ಲ.”

ನೆಟ್‌ವರ್ಕ್ ಸರಿ ಇಲ್ಲ, ಕೇಳಿಸುತ್ತಿಲ್ಲ ಎಂದೆ. ಚೆನ್ನಾಗಿ ಕೇಳಿಸುತ್ತಿತ್ತು.

ಮೇ 15

ಬಂದರು. ಗೇಟ್ ಪಾಸ್ ಮೂರು ದಿನಕ್ಕೆ ಮಾತ್ರ. ಧೂಳು ಒರೆಸಿ, ನೀರು ನೋಡಿ, ವಾಲ್ವುಗಳನ್ನು ಒಂದೊಂದಾಗಿ ತಿರುಗಿಸಿ, ಬೆಂಕಿ ಹಚ್ಚಿದರು. ಮಧ್ಯಾಹ್ನಕ್ಕೆ ಆವಿ. ನಿನ್ನೆಯ ಮಾತು ಎತ್ತಲಿಲ್ಲ. ತಡೆಯಲಾಗಲಿಲ್ಲ ನನಗೇ. ಹತ್ತಿರ ಹೋಗಿ ಸೈನ್ ನನ್ನದೇ ಎಂದೆ.

ಗೇಜ್ ಒರೆಸುತ್ತಿದ್ದ ಕೈ ನಿಂತಿತು.

“ಓದಿ ಮಾಡಿದ್ರೇನ್ರಿ?”

ಓದಿಯೇ ಮಾಡಿದ್ದು. ಎರಡು ಸಲ. ಹಾಗೇ ಹೇಳಿದೆ.

ತಿರುಗಿ ನೋಡಲಿಲ್ಲ. ಮತ್ತೆ ಗೇಜ್ ಒರೆಸತೊಡಗಿದರು.

“ಹಿಂದ ಸರೀರಿ ಮೇಡಂ. ಇಲ್ಲಿ ಬಿಸಿ ಐತಿ.”

ಮೇಡಂ. ಇಷ್ಟು ದಿನದಲ್ಲಿ ಮೊದಲ ಸಲ.

ಇನ್ನೆರಡು ದಿನ ಅವರ ಎದುರೇ ನಿಲ್ಲಬೇಕು. ನಾಳೆ ಹೋಗಿ ಏನಂತ ಮಾತು ಶುರು ಮಾಡಲಿ?