ರೇಡಿಯೇಟರಿಗೆ ಹೊಯ್ದ ತೀರ್ಥ

ಅರಿಶಿನಕುಂಟೆ, ೧೯೪೭

ಪೂಜ್ಯ ಅತ್ತೆಮ್ಮನವರ ಪಾದಗಳಿಗೆ,

ನಿಮ್ಮ ತಿಥಿಗೆ ಬಂದಿದ್ದ ನೆಂಟರೆಲ್ಲ ಇವತ್ತು ಹೊರಟರು. ಬದುಕಿದ್ದಾಗ ನಾನು ಏನಾದರೂ ಓದಿ ಹೇಳಲು ಕೂತರೆ ಆಕಳಿಸುತ್ತಿದ್ದಿರಿ. ಈಗ ತಪ್ಪಿಸಿಕೊಳ್ಳುವ ಹಾಗಿಲ್ಲ, ಕೇಳಿ.

ಮಾವನವರು ಬಿಟ್ಟುಹೋದ ಹಳೇ ವ್ಯಾನನ್ನು ನಿಮ್ಮ ಮಗ ಇನ್ನೂ ಮಾರಿಲ್ಲ. ಯುದ್ಧದ ಕಾಲದಲ್ಲಿ ಅದಕ್ಕೆ ಪೆಟ್ರೋಲು ಹೊಂದಿಸುವುದೇ ಕಷ್ಟವಾಗಿತ್ತು, ಹೊಸ ರೇಡಿಯೇಟರು ಕನಸಿನ ಮಾತು. ಸೋರುವ ಕಡೆಗೆಲ್ಲ ಸೋಪು ಮೆತ್ತಿ ಓಡಿಸುತ್ತಿದ್ದರು. ದಿಬ್ಬ ಕಂಡರೆ ಸಾಕು, ಎಸರಿಟ್ಟ ಗಡಿಗೆಯ ಹಾಗೆ ಕುದಿಯುತ್ತಿತ್ತು. ಅದನ್ನು ನೀವು ಬಾಯ್ತುಂಬ ಬೈಯುತ್ತಿದ್ದಿರಿ, ಬೇರೆಯವರು ಬೈದರೆ ಮಾತ್ರ ಸಹಿಸುತ್ತಿರಲಿಲ್ಲ.

ಅದರಲ್ಲೇ ಐದು ವರ್ಷದ ಹಿಂದೆ ಒಂದು ಬೇಸಿಗೆ ಶಿವಗಂಗೆ ಬೆಟ್ಟಕ್ಕೆ ಹೋದೆವು. ಬೆಟ್ಟದ ಮೇಲಿನ ಒಳಕಲ್ಲು ತೀರ್ಥದ ಕುಳಿಗೆ ಕೈ ಹಾಕಿದರೆ ಪುಣ್ಯವಂತರಿಗಷ್ಟೇ ನೀರು ಸಿಗುತ್ತದೆ ಎಂದು ನಂಬಿದವರು ನೀವು. ವರ್ಷ ವರ್ಷವೂ ಬರಿಗೈಯಲ್ಲಿ ಇಳಿದು ಬಂದ ನಿಮಗೆ ಆ ಸಲ ನೀರು ಸಿಕ್ಕಿತ್ತು. ಬಸುರಿಯಾದ ನಾನು ಬೆಟ್ಟದ ಬುಡದಲ್ಲೇ ಕಾದಿದ್ದೆ. ಹಿತ್ತಾಳೆ ಗಿಂಡಿಯ ಬಾಯಿಗೆ ಬಟ್ಟೆ ಬಿಗಿದು ತಂದು, "ಸಾಯೋವಾಗ ಇದನ್ನೇ ಬಿಡ್ರವ್ವಾ ನನ್ ಬಾಯಿಗೆ" ಎಂದು ತೋರಿಸಿದಿರಿ. ನಿಮ್ಮ ಮುಖದಲ್ಲಿ ಅಂಥ ಸಂತೋಷ ನಾನು ಕಂಡಿರಲಿಲ್ಲ.

ಹಿಂದಿರುಗುವಾಗ, ದಿನ ತುಂಬುವ ಮೊದಲೇ, ನನಗೆ ನೋವು ಬಂತು. ರಕ್ತ ಹೋಗತೊಡಗಿತು. ನೆಲಮಂಗಲದ ಆಸ್ಪತ್ರೆ ಇನ್ನೂ ದೂರವಿರುವಾಗಲೇ ವ್ಯಾನು ಹಬೆ ಕಕ್ಕಿತು. ಕುಡಿಯುವ ನೀರನ್ನೆಲ್ಲ ಅದು ಆಗಲೇ ಕುಡಿದಿತ್ತು. ಪಕ್ಕದ ಕುಂಟೆ ಒಣಗಿ ಬಿರುಕು ಬಿಟ್ಟಿತ್ತು. ನಿಮ್ಮ ಮಗ ತಲೆಯ ಮೇಲೆ ಕೈ ಹೊತ್ತು ನಿಂತರು. ನೀವು ಗಿಂಡಿಯ ಬಟ್ಟೆ ಬಿಚ್ಚಿದಿರಿ.

"ಅವ್ವಾ, ಅದು ಬ್ಯಾಡ" ಎಂದರು ಇವರು.

"ಮುಚ್ಚಳ ತೆಗಿಯೋ. ಸಾಯೋ ಮುದ್ಕಿಗೆ ಯಾವ್ ನೀರಾದ್ರೂ ಆಯ್ತದೆ. ಹುಟ್ಟೋ ಕೂಸು ಕಾಯ್ತದಾ?"

ಗಿಂಡಿ ಬರಿದಾಗುವವರೆಗೆ ಹೊಯ್ದಿರಿ. ಅಷ್ಟು ನೋವಿನಲ್ಲೂ ನಾನು ತಲೆಯೆತ್ತಿ ನೋಡಿದೆ. ಜನ್ಮವೆಲ್ಲ ಬೇಡಿ ಪಡೆದದ್ದನ್ನು ಗಿಡಕ್ಕೆ ನೀರು ಹಾಕಿದಷ್ಟು ಸಲೀಸಾಗಿ ಕೊಟ್ಟುಬಿಟ್ಟವರನ್ನು ನಾನು ಅವತ್ತಿನವರೆಗೆ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಗಿಂಡಿ ನೀರಿಗೆ ಎಂಜಿನು ಎಷ್ಟು ತಣಿದೀತು? ಆದರೂ ಗೊರಗೊರ ಎನ್ನುತ್ತ ಆಸ್ಪತ್ರೆಯ ಬಾಗಿಲು ಮುಟ್ಟಿಸಿತು. ಅಲ್ಲಿಂದ ಊರಿಗೆ ಅದನ್ನು ಎತ್ತು ಕಟ್ಟಿ ಎಳೆಸಬೇಕಾಯಿತು. ನಮ್ಮ ಅಶ್ವತ್ಥಮ್ಮ ಹುಟ್ಟಿದಳು, ಅತ್ತಳು, ಉಳಿದಳು. ಮುಂದೆ ನಿಮ್ಮ ಮಂಡಿನೋವು ಬೆಟ್ಟ ಹತ್ತಲು ಬಿಡಲೇ ಇಲ್ಲ.

ಮೊನ್ನೆ ನಿಮಗೆ ಮೇಲುಸಿರು ಬಂದಾಗ ಇವರು ಬಾವಿ ನೀರಿನ ಉದ್ಧರಣೆ ಹಿಡಿದು "ತೀರ್ಥ ಇಲ್ವಲ್ಲವ್ವಾ" ಎಂದು ಅತ್ತರು. ನೀವು ಬಾಯಿ ತೆರೆಯಲಿಲ್ಲ. ಇಷ್ಟು ವರ್ಷ ಆ ತೀರ್ಥಕ್ಕಾಗಿ ಒಳಗೊಳಗೇ ಕೊರಗಿದ್ದಿರೇನೋ ಎಂದು ನನ್ನ ಎದೆ ಒಡೆಯಿತು. ಆದರೆ ನಿಮ್ಮ ಕಣ್ಣು ಬಾಗಿಲ ಹತ್ತಿರ ನಿಂತಿದ್ದ ಅಶ್ವತ್ಥಮ್ಮನ ಮೇಲಿತ್ತು.

"ಅವಳ ಕೈಲಿ ಬಿಡ್ಸೋ" ಎಂದಿರಿ.

ಅವಳು ಹನಿಸಿದಳು. ಅರ್ಧ ನೀರು ನಿಮ್ಮ ಗದ್ದದ ಮೇಲೆ ಚೆಲ್ಲಿತು. ಉಳಿದದ್ದನ್ನು ಪೂರ್ತಿ ಕುಡಿದಿರಿ.

ಹೋದ ಕಡೆ ತಣ್ಣಗಿರಿ, ಅತ್ತೆಮ್ಮ. ಮೊಮ್ಮಗಳ ತಲೆಯ ಮೇಲೆ ನಿಮ್ಮ ಕೈ ಇರಲಿ.

ನಿಮ್ಮ ಸೊಸೆ,
ಗಂಗಲಕ್ಷ್ಮಮ್ಮ